ಮಾದರಿಗಳಿಗೆ ಮನೆಯ ವಸ್ತುಗಳಿಂದ ತಳಹದಿ: ಸಾರ್ವಜನಿಕರ ಮಾಹಿತಿಗಾಗಿ

ಶಾಲಾ ವಸ್ತುಪ್ರದರ್ಶನದ ಮಾದರಿಗಳಿಗೆ ಹಾಗೂ ದಸರಾ ಗೊಂಬೆ ಅಲಂಕಾರಕ್ಕೆ (ಹಲಸೂರು ಭಾಗದ ತಮಿಳು ಮನೆಗಳಲ್ಲಿ ಇದನ್ನು ಕೊಲು ಎನ್ನುತ್ತಾರೆ) ಥರ್ಮಾಕೋಲ್ ಹಲಗೆಯನ್ನು ತಳಹದಿಯಾಗಿ ಬಳಸುವುದು ಬಹುಕಾಲದ ರೂಢಿಯಾಗಿತ್ತು. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ (ತಿದ್ದುಪಡಿ) ನಿಯಮಗಳು, 2021ರ ಅನ್ವಯ ಅಲಂಕಾರಕ್ಕೆ ಬಳಸುವ ಥರ್ಮಾಕೋಲ್‌ನ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ದಿನಾಂಕ 1-7-2022ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಆದುದರಿಂದ ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೆ.ಆರ್.ಪುರ ಭಾಗದ ವಿದ್ಯಾರ್ಥಿಗಳು ಹಾಗೂ ಪೋಷಕರ ಅನುಕೂಲಕ್ಕಾಗಿ ಈ ವಿವರಗಳನ್ನು ನೀಡಲಾಗಿದೆ. ಮನೆಯಲ್ಲಿ ಮಾದರಿ ತಯಾರಿಸಲು ಯಾವುದೇ ಅರ್ಜಿ, ಶುಲ್ಕ ಅಥವಾ ಅನುಮತಿಯ ಅಗತ್ಯವಿರುವುದಿಲ್ಲ.

ತಳಹಲಗೆ

ದಿನಸಿ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಯೇ ಸಾಕಾಗುತ್ತದೆ. ರಟ್ಟಿನ ಒಳಗೆ ಕಾಣುವ ಅಲೆಗಳು ಒಂದು ಪದರದಲ್ಲಿ ಉದ್ದಕ್ಕೂ ಮತ್ತೊಂದರಲ್ಲಿ ಅಡ್ಡಕ್ಕೂ ಬರುವಂತೆ ಕನಿಷ್ಠ ಮೂರು ಪದರಗಳನ್ನು ಮೈದಾ ಅಂಟಿನಿಂದ ಕೂಡಿಸಿ, ಭಾರದ ಪುಸ್ತಕಗಳ ಅಡಿಯಲ್ಲಿ ಪೂರ್ಣವಾಗಿ ಒಣಗಿಸತಕ್ಕದ್ದು. ಕಾಗದವನ್ನು ಮೇಲ್ಭಾಗಕ್ಕೆ ಮಾತ್ರ ಅಂಟಿಸಿದಲ್ಲಿ ಅದು ಒಣಗುವಾಗ ಕುಗ್ಗಿ ಹಲಗೆಯನ್ನು ತನ್ನೆಡೆಗೆ ಎಳೆಯುತ್ತದೆ. ಪ್ರದರ್ಶನದ ದಿನ ಮಾದರಿಗಳು ದೋಣಿಯಂತೆ ಬಾಗಿ ನಿಲ್ಲುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಕೆಳಭಾಗಕ್ಕೂ ಅಷ್ಟೇ ಕಾಗದವನ್ನು ಅಂಟಿಸುವುದು ಇದಕ್ಕೆ ಪರಿಹಾರ.

ದಿಣ್ಣೆ ಮತ್ತು ಬಂಡೆ

ಮೊಟ್ಟೆಗಳನ್ನು ಜೋಡಿಸುವ ಕಾಗದದ ತಟ್ಟೆಗಳನ್ನು ಹರಿದು ರಾತ್ರಿ ನೆನೆಸಿ, ಬೆಳಿಗ್ಗೆ ಕೈಯಿಂದ ಹಿಸುಕಿದಲ್ಲಿ ಒಳ್ಳೆಯ ತಿರುಳು ದೊರೆಯುತ್ತದೆ. ಹಳೆಯ ದಿನಪತ್ರಿಕೆಯೂ ಆಗಬಹುದು, ಆದರೆ ರುಬ್ಬುವ ಶ್ರಮ ಹೆಚ್ಚು. ನೀರನ್ನು ಹಿಂಡಿ, ನೆನೆಸಿ ರುಬ್ಬಿದ ಮೆಂತ್ಯವನ್ನು ಸೇರಿಸಿ ನಾದಬೇಕು. ಹಿಂದಿನವರು ಬಿದಿರಿನ ಮೊರಕ್ಕೆ ಕಾಗದ ಮತ್ತು ಮೆಂತ್ಯವನ್ನು ರುಬ್ಬಿ ಬಳಿಯುತ್ತಿದ್ದ ಕ್ರಮವೇ ಇದು. ತಿರುಳನ್ನು ಒಮ್ಮೆಗೇ ದಪ್ಪವಾಗಿ ಮೆತ್ತಿದರೆ ಒಳಗೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ತೆಳುವಾಗಿ ಮೆತ್ತಿ, ಒಣಗಿದ ನಂತರ ಮುಂದಿನ ಪದರ ಹಾಕುವುದು ಸೂಕ್ತ. ಮಳೆಗಾಲದಲ್ಲಿ ಇದಕ್ಕೆ ಕೆಲವು ದಿನಗಳು ಹೆಚ್ಚಾಗಿ ಬೇಕಾಗುವುದರಿಂದ ಕೆಲಸವನ್ನು ಮುಂಚಿತವಾಗಿ ಆರಂಭಿಸಲು ಕೋರಲಾಗಿದೆ.

ಮಣ್ಣು, ಮರಳು, ಹುಲ್ಲು

ಕಣದ ಗಾತ್ರಕ್ಕೆ ವಿಶೇಷ ಗಮನ ನೀಡತಕ್ಕದ್ದು. 1:100 ಅಳತೆಯ ಮಾದರಿಯಲ್ಲಿ 1 ಮಿ.ಮೀ. ಗಾತ್ರದ ಮರಳಿನ ಕಣವು 10 ಸೆಂ.ಮೀ. ಕಲ್ಲಿನಂತೆ ಕಾಣುತ್ತದೆ. ಆದ್ದರಿಂದ ರಸ್ತೆ ಮತ್ತು ಅಂಗಳಕ್ಕೆ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಕೆಮ್ಮಣ್ಣನ್ನೇ ಬಳಸಬೇಕು. ಮಣ್ಣನ್ನು ಹಳೆಯ ಬಾಣಲೆಯಲ್ಲಿ ಹುರಿದು ಆರಿಸಿಕೊಂಡರೆ ಹುಳುವಿನ ತೊಂದರೆ ಇರುವುದಿಲ್ಲ. ಬಳಸಿದ ಚಹಾಪುಡಿಯು ಉತ್ತ ಹೊಲದ ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಾಲು, ಸಕ್ಕರೆಯ ಅಂಶ ಹೋಗುವಂತೆ ತೊಳೆದು ಬಿಸಿಲಿನಲ್ಲಿ ಒಣಗಿಸದಿದ್ದರೆ ಇರುವೆ ಬರುವುದು ಖಚಿತ. ಬಡಗಿಯ ಬಳಿ ದೊರೆಯುವ ಮರದ ಹೊಟ್ಟಿಗೆ ಹಸಿರು ಬಣ್ಣ ಬೆರೆಸಿದರೆ ಹುಲ್ಲು, ಬಿಡಿಸಿದ ತೆಂಗಿನ ನಾರು ಒಣಹುಲ್ಲು, ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಕಲ್ಲುಹಾಸು. ಫೆವಿಕಾಲ್‌ಗೆ ಸಮಪ್ರಮಾಣದ ನೀರು ಬೆರೆಸಿ ಬಳಿದು, ಅದು ಒಣಗುವ ಮೊದಲೇ ಇವುಗಳನ್ನು ಉದುರಿಸಬೇಕು.

ಗೊಂಬೆ ಹಬ್ಬಕ್ಕೆ ನಿಜವಾದ ಹಸಿರು ಬೇಕೆನ್ನುವವರು ಒಂದು ರಾತ್ರಿ ನೆನೆಸಿ ಮೊಳಕೆ ಕಟ್ಟಿದ ರಾಗಿಯನ್ನು ಮಣ್ಣಿನ ಮೇಲೆ ಹರಡಿ, ದಿನವೂ ನೀರು ಚಿಮುಕಿಸಬಹುದು. ಸುಮಾರು ಒಂದು ವಾರದಲ್ಲಿ ಪೈರು ಕಾಣುತ್ತದೆ. ಇದನ್ನು ರಟ್ಟಿನ ಮೇಲೆ ಬೆಳೆಸದೆ ಸ್ಟೀಲ್ ತಟ್ಟೆಯಲ್ಲಿ ಬೆಳೆಸತಕ್ಕದ್ದು.

ನೀರು

ಹಲಸೂರು ಕೆರೆಯಂತಹ ಮಾದರಿಗೆ ತಳದಲ್ಲಿ ಕಡುಹಸಿರು ಬಣ್ಣ ಬಳಿದು, ಹಳೆಯ ಸಿ.ಡಿ. ಪೆಟ್ಟಿಗೆಯ ಪಾರದರ್ಶಕ ಮುಚ್ಚಳವನ್ನು ಅದರ ಮೇಲೆ ಇರಿಸಿ, ದ್ವೀಪಗಳನ್ನು ತಿರುಳಿನಿಂದ ಮಾಡಬಹುದು. ಅಪ್ಪಟ ನೀಲಿ ಬಣ್ಣವು ಕೆರೆಗಿಂತ ಈಜುಕೊಳವನ್ನೇ ಹೆಚ್ಚು ಹೋಲುತ್ತದೆ.

ವಿಲೇವಾರಿ

ಮನೆಯಲ್ಲಿ ಉಳಿದಿರುವ ಹಳೆಯ ಥರ್ಮಾಕೋಲ್ ಅನ್ನು ಸುಡಬಾರದು. ಅದರ ಹೊಗೆ ಹಾನಿಕರ. ಅದನ್ನು ಒಣ ಕಸದೊಂದಿಗೆ ನೀಡತಕ್ಕದ್ದು. ಬಣ್ಣ ಬಳಿದ ರಟ್ಟನ್ನು ಸಹ ಒಣ ಕಸಕ್ಕೆ, ರಾಗಿ ಪೈರನ್ನು ಹಸಿ ಕಸಕ್ಕೆ ಅಥವಾ ಹೂಕುಂಡಕ್ಕೆ ಹಾಕಬಹುದು.