ಮೂಲವ್ಯಾಧಿ: ಕೊಯ್ಯುವ ಮುನ್ನ ಇರುವ ದಾರಿಗಳು

ಮರಾಠಿಯಲ್ಲಿ ‘ಮೂಳವ್ಯಾಧ’, ನಮ್ಮಲ್ಲಿ ಮೂಲವ್ಯಾಧಿ. ಸೊಲ್ಲಾಪುರದ ವೈದ್ಯರ ಮುಂದೆ ಈ ಹೆಸರನ್ನು ಹೇಳಲು ಕನ್ನಡಿಗರಿಗೆ ಭಾಷೆಯ ತೊಡಕಿಲ್ಲ. ಅಡ್ಡಬರುವುದು ನಾಚಿಕೆ, ಅದಕ್ಕಿಂತ ಮಿಗಿಲಾಗಿ ಶಸ್ತ್ರಕ್ರಿಯೆಯ ಭಯ.

ಗುದದ ಒಳಗಿನ ರಕ್ತನಾಳಗಳ ಮೆತ್ತೆ ಉಬ್ಬಿ ಜಾರುವುದೇ ಒಳಮೂಲವ್ಯಾಧಿ. ಆರಂಭದಲ್ಲಿ ನಾರುಳ್ಳ ಆಹಾರ, ಸಾಕಷ್ಟು ನೀರು, ತಿಣುಕದಿರುವ ಅಭ್ಯಾಸ ಇವಿಷ್ಟೇ ಅನೇಕರಿಗೆ ಸಾಕು. ಸಾಲದಿದ್ದರೆ ರಬ್ಬರ್ ಬ್ಯಾಂಡ್ ವಿಧಾನವುಂಟು. ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಬ್ಯಾರನ್ 1963ರಲ್ಲಿ ಬಳಕೆಗೆ ಹದಗೊಳಿಸಿದ ಕ್ರಮವಿದು. ಉಬ್ಬಿನ ಬುಡಕ್ಕೆ ಪುಟ್ಟ ಉಂಗುರವನ್ನು ತೊಡಿಸುತ್ತಾರೆ. ರಕ್ತಸಂಚಾರ ನಿಂತು ಅದು ಒಣಗಿ, ವಾರ ಹತ್ತು ದಿನಗಳಲ್ಲಿ ತಾನಾಗಿ ಕಳಚಿಬೀಳುತ್ತದೆ. ಉಂಗುರ ಕೂರುವ ಎಡೆಯಲ್ಲಿ ತೀಕ್ಷ್ಣ ನೋವನ್ನು ಅರಿಯುವ ನರಗಳಿಲ್ಲವಾದ್ದರಿಂದ ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ಒಂದೆರಡು ದಿನ ಒತ್ತಿದಂತಾದೀತು; ಆದರೆ ಅಂದೇ ಮನೆಗೆ ಮರಳಬಹುದು. ಚಿಕ್ಕ ಉಬ್ಬುಗಳಿಗೆ ಚುಚ್ಚುಮದ್ದು, ಅತಿಗೆಂಪು ಕಿರಣದ ಶಾಖ ಇವೂ ಇವೆ. ಸುಶ್ರುತನು ಸಹ ಔಷಧ, ಕ್ಷಾರ, ಅಗ್ನಿಗಳನ್ನು ಹೇಳಿದ ಬಳಿಕವೇ ಶಸ್ತ್ರದ ಹೆಸರೆತ್ತಿದನು.

ಹೊರಬಂದು ಒಳಸೇರದ ಉಬ್ಬಿಗೆ ಶಸ್ತ್ರಕ್ರಿಯೆ ಬೇಕಾಗಬಹುದು. ರಕ್ತವನ್ನು ತೆಳುಮಾಡುವ ಮಾತ್ರೆ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಉಂಗುರ ತೊಡಿಸಿದ ಮೇಲೆ ಜ್ವರ, ಮೂತ್ರದ ತಡೆ, ಏರುವ ನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು: ರಕ್ತ ಬಿದ್ದುದೆಲ್ಲ ಮೂಲವ್ಯಾಧಿಯಲ್ಲ. ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಮೊದಲ ಸುಳಿವು ಕೊಡಬಹುದು. ಪರೀಕ್ಷಿಸದೆ ಅದು ತಿಳಿಯದು. ‘ಕೊಯ್ಯದೆ ಗುಣ’ ಎಂಬ ಗೋಡೆಬರಹಗಳು ಆ ಪರೀಕ್ಷೆಯ ಸುದ್ದಿಯನ್ನೇ ಎತ್ತುವುದಿಲ್ಲ.