ಹೆಬ್ಬಾರರ ಗೆರೆ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ಕಲಾವಿದರಾಗಿ ಬೆಳೆದದ್ದು ಮುಂಬಯಿಯಲ್ಲಿ. 1996ರಲ್ಲಿ ತೀರಿಕೊಂಡದ್ದೂ ಅಲ್ಲೇ. 1938ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅಲ್ಲಿಯೇ ಪಾಠ ಹೇಳಿದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. ಜೀವನ ವಿವರ ಇಷ್ಟು ಸಾಕು. ಅವರ ಚಿತ್ರದ ಮುಂದೆ ನಿಂತವರು ಎಡವುವುದು ಬೇರೆ ಎರಡು ಕಡೆ.

ಮೊದಲನೆಯದು, ಪ್ಯಾರಿಸ್‌ಗೆ ಹೋಗಿ ಬಂದ ಮೇಲೆ ಅವರು ಆಧುನಿಕರಾದರೆಂಬ ನಂಬಿಕೆ. ಇಸವಿಗಳನ್ನು ಜೋಡಿಸಿ ನೋಡಿ. ಅವರು ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತದ್ದು 1949–50ರಲ್ಲಿ. ಅಷ್ಟರೊಳಗೆ ನೆರಳು–ಬೆಳಕಿನ ಯಥಾರ್ಥ ಶೈಲಿ ಸಾಲದೆನಿಸಿ, ಜೈನ ಹಸ್ತಪ್ರತಿಗಳು, ರಜಪೂತ–ಮೊಘಲ್ ಕಿರುಚಿತ್ರಗಳು, ಅಜಂತಾ ಇವುಗಳ ಕಡೆಗೆ ಅವರು ಹೊರಳಿಯಾಗಿತ್ತು. ಕೇರಳದ ಜನಜೀವನದ ಚಿತ್ರಗಳಲ್ಲಿ ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಪ್ರಭಾವವೂ ಕಾಣುತ್ತದೆ. ಶೇರ್‌ಗಿಲ್ ತಾಯಿ ಹಂಗೇರಿಯವರು. ಅಮೃತಾ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ, ಓದಿದ್ದು ಪ್ಯಾರಿಸ್ಸಿನಲ್ಲಿ. ಆದರೂ ಅಜಂತಾ ಕಂಡು, ದಕ್ಷಿಣ ಭಾರತ ಸುತ್ತಿ 1937ರಲ್ಲಿ ಬರೆದ ಚಿತ್ರಗಳಲ್ಲೇ ಅವರ ಕೈ ಪಳಗಿತು. ಪ್ಯಾರಿಸ್ ಕಂಡವರಿಗೂ ಆಗಿನ್ನೂ ಕಾಣದವರಿಗೂ ಅಜಂತಾ ಗುರುವಾದದ್ದು ಸೋಜಿಗವಲ್ಲವೇ!

ಎರಡನೆಯದು ಇನ್ನೂ ಗಟ್ಟಿಯಾದ ತಪ್ಪು: ಗೆರೆಯೆಂದರೆ ಬಣ್ಣ ತುಂಬುವುದಕ್ಕೆ ಮೊದಲು ಹಾಕುವ ಅಂಚು ಎಂದುಕೊಳ್ಳುವುದು. ಅಂಚು ಹೊಲದ ಬದುವಿನಂತೆ. ಒಳಗು ಹೊರಗನ್ನು ಬೇರ್ಪಡಿಸಿ ಸುಮ್ಮನಾಗುತ್ತದೆ. ಹೆಬ್ಬಾರರ ಗೆರೆಯ ಕೆಲಸ ಬೇರೆ. ಕುಣಿಯುವವಳ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವುದನ್ನು ಅದು ಹಿಂಬಾಲಿಸುತ್ತದೆ. ಭಾರ ಊರಿದಲ್ಲಿ ದಪ್ಪ, ತೇಲಿದಲ್ಲಿ ತೆಳು. ಕೆಲವೆಡೆ ನಡುವೆಯೇ ನಿಂತುಬಿಡುತ್ತದೆ. ನಿಂತ ಗೆರೆಯನ್ನು ನಮ್ಮ ಕಣ್ಣು ತಾನೇ ಮುಂದುವರಿಸುತ್ತದೆ. ಹೀಗೆ ಕಣ್ಣು ಓಡತೊಡಗಿದಾಗ ಕಾಗದದ ಮೇಲಿನ ನಿಶ್ಚಲ ಆಕೃತಿ ಚಲಿಸಿದಂತೆ ತೋರುತ್ತದೆ. ಮುಖ, ಒಡವೆ, ಬೆರಳುಗಳ ವಿವರ ಹೆಚ್ಚಿದಷ್ಟೂ ಆ ಓಟಕ್ಕೆ ತಡೆ. ಅವರು ಬಿಟ್ಟಿರುವ ವಿವರ ಬೇಕೆಂದೇ ಬಿಟ್ಟದ್ದು.

ಇದು ಕೈಚಳಕವೊಂದರಿಂದಲೇ ಬಂದದ್ದಲ್ಲ. ಲಯವನ್ನು ಮೈಯಿಂದಲೇ ತಿಳಿಯಬೇಕೆಂದು ಅವರು ಪಂಡಿತ್ ಸುಂದರ ಪ್ರಸಾದರ ಬಳಿ ಕಥಕ್ ಕಲಿತರು. ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿದ್ದನ್ನು ನೆನೆದಾಗಲೆಲ್ಲ ನನಗೆ ಹಿಗ್ಗು! ಅವರ ರೇಖಾಚಿತ್ರಗಳ ಪುಸ್ತಕ 'ದಿ ಸಿಂಗಿಂಗ್ ಲೈನ್' 1964ರಲ್ಲಿ ಮುಂಬಯಿಯಿಂದ ಹೊರಬಂತು.

ಹೆಬ್ಬಾರರನ್ನು ನಾವು ಪ್ರಶಸ್ತಿಗಳ ಪಟ್ಟಿಯಾಗಿ ಬಾಯಿಪಾಠ ಮಾಡಿದ್ದೇ ಹೆಚ್ಚು, ಕಣ್ಣಿಟ್ಟು ಓದಿದ್ದು ಕಡಿಮೆ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರು ಕೊಟ್ಟ ಚಿತ್ರಗಳಿವೆ. ಒಂದೇ ಒಂದು ಗೆರೆಯನ್ನು ಆರಿಸಿ, ಅದು ಎಲ್ಲಿ ದಪ್ಪವಾಯಿತು, ಎಲ್ಲಿ ನಿಂತಿತು, ಯಾಕೆ ಎಂದು ಕೇಳಿಕೊಳ್ಳಿ. ಅವರು ಹುಟ್ಟಿದ ಯಕ್ಷಗಾನದ ನೆಲಕ್ಕೂ ಈ ಗೆರೆಗೂ ಇರುವ ನಂಟನ್ನು ಕನ್ನಡದಲ್ಲಿ ಯಾರಾದರೂ ವಿಸ್ತಾರವಾಗಿ ಬರೆಯಬೇಕು. ಆ ಕೆಲಸಕ್ಕೆ ಕುಣಿತ ಬಲ್ಲವರೇ ಕೈಹಾಕಿದರೆ ಇನ್ನೂ ಒಳ್ಳೆಯದು.