ಪದವಿಯ ನಂತರದ ಪರೀಕ್ಷೆ

ನರ್ಸಿಂಗ್ ಪದವಿಯ ಕೊನೆಯ ವರ್ಷದ ಫಲಿತಾಂಶ ಬಂದ ದಿನ ಮನೆಮಂದಿಯೆಲ್ಲ ಮಗಳ ಓದು ಮುಗಿಯಿತೆಂದು ನೆಮ್ಮದಿಯ ಉಸಿರು ಬಿಡುತ್ತಾರೆ. ಶಿವಮೊಗ್ಗ ಮತ್ತು ಭದ್ರಾವತಿಯ ನಮ್ಮ ಕಥೋಲಿಕ ಕುಟುಂಬಗಳಿಗೆ ಇದು ಪರಿಚಿತವಾದ ಸಂಭ್ರಮ. ಆದರೆ ಹೊರದೇಶದಲ್ಲಿ ಸೇವೆ ಸಲ್ಲಿಸಬೇಕೆಂಬ ಹಂಬಲವುಳ್ಳ ಯುವತಿಗೆ, ಈಚಿನ ವರ್ಷಗಳಲ್ಲಿ ಯುವಕನಿಗೂ, ನಿಜವಾದ ಪರೀಕ್ಷೆ ಆರಂಭವಾಗುವುದೇ ಅಂದಿನಿಂದ. ಆ ಪರೀಕ್ಷೆ ಎಂತಹುದು, ಅದಕ್ಕೆ ಮನೆಯವರು ಏನನ್ನು ಸಿದ್ಧಪಡಿಸಿಕೊಳ್ಳಬೇಕು ಎಂಬ ವಿಚಾರದಲ್ಲಿ ನಮ್ಮಲ್ಲಿ ಇನ್ನೂ ಸಾಕಷ್ಟು ಗೊಂದಲವಿರುವುದರಿಂದ ಈ ವಾರ ಅದನ್ನೇ ಕೈಗೆತ್ತಿಕೊಂಡಿದ್ದೇವೆ.

ನಮ್ಮ ಜನರಿಗೆ ಶುಶ್ರೂಷೆಯ ವೃತ್ತಿ ಹೊಸದಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಆರಂಭಿಸಿದ ಸಂಸ್ಥೆ, 1886ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಂತ ಮಾರ್ತಾ ಆಸ್ಪತ್ರೆ, ಇವುಗಳ ಹೆಸರನ್ನು ಅಜ್ಜಿಯಂದಿರ ಕಾಲದಿಂದಲೂ ಕೇಳಿಕೊಂಡು ಬಂದವರು ನಾವು. ಇತ್ತ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ಅನಂತರ ಬಂದ ಕಾಗದದ ಕಾರ್ಖಾನೆಯೂ ಕರಾವಳಿಯಿಂದ, ತಮಿಳುನಾಡಿನಿಂದ, ಕೇರಳದಿಂದ ಬಂದ ಅನೇಕರಿಗೆ ಅನ್ನ ನೀಡಿದವು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವೂ 2007ರಲ್ಲಿ ಭದ್ರಾವತಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯವೂ ರೂಪುಗೊಂಡದ್ದು ಹೀಗೆ ಬೇರೂರಿದ ಭಕ್ತಸಮುದಾಯದ ನಡುವೆಯೇ. ತಂದೆಗೆ ದೊರೆತ ಕಾರ್ಖಾನೆಯ ಉದ್ಯೋಗ ಮಕ್ಕಳಿಗೂ ದೊರೆಯುವ ಕಾಲ ಈಗಿಲ್ಲ. ಕಾಗದ ಕಾರ್ಖಾನೆಯ ಯಂತ್ರಗಳು ಮೌನವಾಗಿವೆ. ಎಷ್ಟೋ ಮನೆಗಳ ಭರವಸೆ ಈಗ ಮಗಳ ಬಿಳಿಯ ಸಮವಸ್ತ್ರದ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ನಮ್ಮ ರಾಜ್ಯದಲ್ಲಿ ಈವರೆಗೆ ನರ್ಸ್ ಆಗಿ ನೋಂದಣಿ ಪಡೆಯಲು ಪದವಿಯ ನಂತರ ಬೇರೊಂದು ಪರೀಕ್ಷೆ ಬರೆಯಬೇಕಾಗಿರಲಿಲ್ಲ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ತಮ್ಮ ದಾಖಲೆಗಳೊಂದಿಗೆ ಬೆಂಗಳೂರಿನಲ್ಲಿರುವ ರಾಜ್ಯ ಶುಶ್ರೂಷಾ ಪರಿಷತ್ತಿಗೆ ಅರ್ಜಿ ಸಲ್ಲಿಸಿದರೆ ನೋಂದಣಿಯಾಗುತ್ತದೆ. 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆಯಾದ್ದರಿಂದ ಮುಂದಿನ ನಿಯಮಗಳನ್ನು ಗಮನಿಸುತ್ತಿರುವುದು ಒಳಿತು. ಈ ನೋಂದಣಿಯನ್ನು "ಆಮೇಲೆ ಮಾಡಿಸಿದರಾಯಿತು" ಎಂದು ಮುಂದೂಡುವವರನ್ನು ನಾವು ಕಂಡಿದ್ದೇವೆ. ಯಾವ ದೇಶದ ಪರೀಕ್ಷೆಗೆ ಅರ್ಜಿ ಹಾಕಿದರೂ ಅವರು ಮೊದಲು ಕೇಳುವುದು ತಾಯ್ನಾಡಿನ ನೋಂದಣಿಯನ್ನೇ.

ಎರಡನೆಯ ತೊಡಕು ಹೆಸರಿನದು. ಇದರಲ್ಲಿ ನಮ್ಮ ಕುಟುಂಬಗಳು ಪಡುವ ಪಾಡು ಇತರರಿಗಿಂತ ಹೆಚ್ಚೆಂದೇ ಹೇಳಬೇಕು. ಜ್ಞಾನಸ್ನಾನದ ದಾಖಲೆಯಲ್ಲಿ ಸಂತರ ಹೆಸರು ಸೇರಿದ ಉದ್ದನೆಯ ಹೆಸರು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಮನೆತನದ ಹೆಸರು, ಮದುವೆಯ ನಂತರ ಗಂಡನ ಹೆಸರು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬಳೇ ಮೇರಿ, ಕಾಗದಪತ್ರಗಳಲ್ಲಿ ನಾಲ್ವರು ಮೇರಿಯರಾಗಿ ನಿಲ್ಲುತ್ತಾಳೆ. ವಿದೇಶದ ದಾಖಲೆ ಪರಿಶೀಲಕನಿಗೆ ಈ ನಾಲ್ವರೂ ಒಬ್ಬಳೇ ಎಂದು ಮನವರಿಕೆ ಮಾಡಿಕೊಡಲು ಪ್ರಮಾಣಪತ್ರಗಳು ಬೇಕು, ತಿಂಗಳುಗಳು ಬೇಕು. ಮಗಳು ಎರಡನೆಯ ವರ್ಷದಲ್ಲಿ ಓದುತ್ತಿರುವಾಗಲೇ ತಂದೆತಾಯಿಗಳು ಒಂದು ಸಂಜೆ ಕುಳಿತು ಎಲ್ಲ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಲೇಸು. ಅಂಕಪಟ್ಟಿಯನ್ನು ತಿದ್ದಿಸುವುದಕ್ಕಿಂತ ಪಾಸ್‌ಪೋರ್ಟನ್ನು ಅಂಕಪಟ್ಟಿಯಂತೆಯೇ ಮಾಡಿಸುವುದು ಸುಲಭ.

ಇನ್ನು ಪರೀಕ್ಷೆಗಳ ವಿಷಯ. ಬ್ರಿಟನ್ನಿಗೆ ಹೋಗುವವರು ಇಂಗ್ಲಿಷ್ ಭಾಷೆಯ ಪರೀಕ್ಷೆಯ ಜೊತೆಗೆ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆಯನ್ನು ಬರೆದು, ಅಲ್ಲಿಗೆ ತಲುಪಿದ ಮೇಲೆ ಕೈಚಳಕದ ಪ್ರಾಯೋಗಿಕ ಪರೀಕ್ಷೆಯನ್ನು ಎದುರಿಸಬೇಕು. ಕೊಲ್ಲಿ ರಾಷ್ಟ್ರಗಳದು ಪ್ರೊಮೆಟ್ರಿಕ್ ಎಂದು ನಮ್ಮವರ ಬಾಯಲ್ಲಿ ಹೆಸರಾಗಿರುವ ಪರೀಕ್ಷೆ. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳ ಆಸ್ಪತ್ರೆಯ ಅನುಭವವನ್ನೂ ಕೇಳುತ್ತಾರೆ. ಜರ್ಮನಿಗೆ ಆ ದೇಶದ ಭಾಷೆಯನ್ನೇ ಕಲಿಯಬೇಕು. ಎಲ್ಲಕ್ಕಿಂತ ಹೆಚ್ಚಿನ ಸಿದ್ಧತೆಯನ್ನು ಬಯಸುವುದು ಅಮೆರಿಕದ ಎನ್‌ಕ್ಲೆಕ್ಸ್.

ಇದು ನಾವು ಬಲ್ಲ ಪರೀಕ್ಷೆಗಳಂತಲ್ಲ. 1994ರಿಂದಲೂ ಇದು ಕಂಪ್ಯೂಟರಿನ ಮೂಲಕವೇ ನಡೆಯುತ್ತಿದೆ. ಅಭ್ಯರ್ಥಿ ಸರಿಯಾದ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಒಮ್ಮೆ ಉತ್ತರಿಸಿದ ಪ್ರಶ್ನೆಗೆ ಮರಳಿ ಹೋಗುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಬಂದ ಹೊಸ ಮಾದರಿಯ ಪ್ರಕಾರ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು. ಅವಧಿ 5 ಗಂಟೆ. ಅಭ್ಯರ್ಥಿಯ ಮಟ್ಟವು ಅಗತ್ಯ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಶೇಕಡ 95ರಷ್ಟು ಖಚಿತವಾದ ಕೂಡಲೇ ಯಂತ್ರವು ಪರೀಕ್ಷೆಯನ್ನು ನಿಲ್ಲಿಸುತ್ತದೆ. ಆದ್ದರಿಂದ 85ಕ್ಕೆ ನಿಂತಿತೆಂದು ಹಿಗ್ಗುವುದೂ ಸಲ್ಲದು, 150ರವರೆಗೆ ಹೋಯಿತೆಂದು ಎದೆಗುಂದುವುದೂ ಸಲ್ಲದು.

ಪ್ರಶ್ನೆಯ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ವಾರ್ಡಿನಲ್ಲಿ ನಾಲ್ವರು ರೋಗಿಗಳಿದ್ದಾರೆಂದು ಭಾವಿಸೋಣ. ಒಬ್ಬರು ಕಾಲಿನ ಶಸ್ತ್ರಚಿಕಿತ್ಸೆಯಾಗಿ ನೋವೆಂದು ಕೂಗುತ್ತಿದ್ದಾರೆ. ಇನ್ನೊಬ್ಬ ಮಧುಮೇಹಿಯ ಸಕ್ಕರೆಯ ಪ್ರಮಾಣ 60ಕ್ಕೆ ಇಳಿದು ಬೆವರುತ್ತಿದ್ದಾರೆ. ಮೂರನೆಯವರಿಗೆ ಅಂದು ಬೆಳಿಗ್ಗೆ ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಗಿದ್ದು ಉಸಿರೆಳೆಯುವಾಗ ಕೀರಲು ಸದ್ದು ಬರುತ್ತಿದೆ. ನಾಲ್ಕನೆಯವರು ಬಿಡುಗಡೆಯ ಕಾಗದಕ್ಕಾಗಿ ಅವಸರ ಮಾಡುತ್ತಿದ್ದಾರೆ. ಮೊದಲು ಯಾರ ಬಳಿಗೆ ಹೋಗುವಿರಿ? ನೋವೆಂದು ಕೂಗುವವರ ಬಳಿಗೆ ಓಡುವುದು ಮನುಷ್ಯ ಸಹಜ. ಸಕ್ಕರೆ ಇಳಿದವರ ಬಳಿಗೆ ಎಂಬ ಉತ್ತರ ಓದಿದವರದು. ಸರಿಯಾದ ಉತ್ತರ ಮೂರನೆಯವರು. ಕುತ್ತಿಗೆಯ ಊತದಿಂದ ಶ್ವಾಸಮಾರ್ಗ ಮುಚ್ಚಿಹೋದರೆ ಉಳಿದಿರುವುದು ಕೆಲವೇ ನಿಮಿಷಗಳು. ಸಕ್ಕರೆ ಇಳಿದವರದೂ ತುರ್ತೇ, ಆದರೆ ಉಸಿರಿನ ದಾರಿ ಎಲ್ಲಕ್ಕಿಂತ ಮುಂದು. ನಾಲ್ವರ ಕಾಯಿಲೆಗಳ ಲಕ್ಷಣಗಳನ್ನೂ ನಮ್ಮ ಮಕ್ಕಳು ಹತ್ತು ಅಂಕದ ಪ್ರಬಂಧವಾಗಿ ಬರೆಯಬಲ್ಲರು. ಯಾರು ಮೊದಲು ಎಂದು ನಿರ್ಧರಿಸುವ ಅಭ್ಯಾಸವನ್ನು ಮಾತ್ರ ನಮ್ಮ ಪರೀಕ್ಷಾ ಪದ್ಧತಿ ಅವರಿಗೆ ಅಷ್ಟಾಗಿ ಕಲಿಸಿಲ್ಲ.

ಇನ್ನೊಂದು ಅಡ್ಡಿಯುಂಟು. ಮೆಗ್ಗಾನ್‌ನಂತಹ ದೊಡ್ಡ ಆಸ್ಪತ್ರೆಯಲ್ಲಿ ತರಬೇತಿ ಪಡೆದವರಿಗೆ ಬಗೆಬಗೆಯ ರೋಗಿಗಳನ್ನು ಕಂಡ ಅನುಭವವಿರುತ್ತದೆ. ಅದು ದೊಡ್ಡ ಸಂಪತ್ತು. ಆದರೆ ನಮ್ಮ ನಾಡಿನ ವಾರ್ಡುಗಳಲ್ಲಿ ರೋಗಿಗೆ ಊಟ ಮಾಡಿಸುವವರು, ಮಗ್ಗುಲು ಬದಲಿಸುವವರು ಅವರ ಬಂಧುಗಳು. ವೈದ್ಯರ ಮಾತನ್ನು ನರ್ಸ್ ಪ್ರಶ್ನಿಸುವುದು ವಿರಳ. ಪರೀಕ್ಷೆಯ ವಾರ್ಡಿನಲ್ಲಾದರೋ ಅನುಮಾನ ಬಂದ ಔಷಧದ ಪ್ರಮಾಣವನ್ನು ಕೊಡದೆ ತಡೆಹಿಡಿದು ವೈದ್ಯರನ್ನು ಕೇಳುವುದೇ ನರ್ಸಿನ ಕರ್ತವ್ಯ. ಸಹಾಯಕರಿಗೆ ಯಾವ ಕೆಲಸವನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬುದೂ ಪ್ರಶ್ನೆಯಾಗಿ ಬರುತ್ತದೆ. "ನಮ್ಮ ಆಸ್ಪತ್ರೆಯಲ್ಲಿ ಹೀಗೆ ಮಾಡುತ್ತೇವೆ" ಎಂದು ಉತ್ತರಿಸುವವರು ಸೋಲುವುದು ಇಲ್ಲಿಯೇ. ತೂಕವನ್ನು ಪೌಂಡಿನಲ್ಲಿ ಕೊಟ್ಟಿದ್ದರೆ 2.2ರಿಂದ ಭಾಗಿಸಿ ಕಿಲೋಗೆ ತರುವಂತಹ ಸಣ್ಣ ಲೆಕ್ಕಗಳೂ ಬೆರಳತುದಿಯಲ್ಲಿರಬೇಕು.

ಓದುವ ಬಗೆಯೂ ಇದಕ್ಕೆ ಅನುಗುಣವಾಗಿರಬೇಕು. ಪಠ್ಯಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓದುವುದಕ್ಕಿಂತ ದಿನಕ್ಕೆ ಐವತ್ತು ಅರವತ್ತು ಪ್ರಶ್ನೆಗಳನ್ನು ಬಿಡಿಸಿ, ತಪ್ಪಿದ್ದೇಕೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಫಲಕಾರಿ ಎಂದು ನಾವು ನಂಬುತ್ತೇವೆ. ಸರಿಯಾದ ಉತ್ತರವೇ ಆಗಿದ್ದರೂ ಉಳಿದವು ಏಕೆ ತಪ್ಪೆಂದು ಹೇಳಲು ಬಾರದಿದ್ದರೆ ಅದು ಅದೃಷ್ಟದ ಉತ್ತರ. ಇದಕ್ಕೆ ಐದಾರು ತಿಂಗಳಾದರೂ ಬೇಕು. ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಬರುವ ಮಗಳಿಗೆ ಈ ಐದಾರು ತಿಂಗಳು ಎಲ್ಲಿಂದ ಬರಬೇಕು? ಬಂದೊಡನೆ ಅಡಿಗೆ ಮನೆಯ ಕೆಲಸ, ತಮ್ಮನ ಶಾಲೆಯ ಬುತ್ತಿ, ಮಧ್ಯಾಹ್ನ ನೆಂಟರು, ಸಂಜೆ ವರನ ಕಡೆಯವರ ಮಾತು. ಕೆಲಸ ಬಿಟ್ಟು ಓದಲೆಂದರೆ ಸಂಬಳವೂ ಹೋಯಿತು, ಅನುಭವದ ಲೆಕ್ಕವೂ ನಿಂತಿತು. ಶಿವಮೊಗ್ಗದಲ್ಲಿ ಕೋಣೆ ಹಿಡಿದು ಓದಲು ಎಲ್ಲರಿಗೂ ಅನುಕೂಲವಿಲ್ಲ. ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳು ವಾರದ ಐದು ದಿನ ಬೀಗ ಹಾಕಿಕೊಂಡಿರುತ್ತವೆ. ಹಗಲಿನಲ್ಲಿ ನಾಲ್ಕು ಗಂಟೆ ಒಂದು ಮೇಜು, ಒಂದು ಫ್ಯಾನು, ಒಂದು ಇಂಟರ್ನೆಟ್ ಸಂಪರ್ಕವನ್ನು ಈ ಮಕ್ಕಳಿಗೆ ಒದಗಿಸುವುದು ಧರ್ಮಕೇಂದ್ರದ ಪಾಲನಾ ಸಮಿತಿಗೆ ಅಸಾಧ್ಯವಾದ ಕಾರ್ಯವೇನಲ್ಲ.

ಹಣದ ವಿಚಾರದಲ್ಲಿ ಎಚ್ಚರಿಕೆಯ ಮಾತೊಂದಿದೆ. ಎನ್‌ಕ್ಲೆಕ್ಸ್ ಪರೀಕ್ಷೆಯ ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಹೆಚ್ಚುವರಿ 150 ಡಾಲರ್ ಮತ್ತು ತೆರಿಗೆ. ದಾಖಲೆಗಳ ಮೌಲ್ಯಮಾಪನದ ಖರ್ಚು ಬೇರೆ. ತೇರ್ಗಡೆಯಾದರೂ ಭಾರತೀಯರಿಗೆ ವಲಸೆ ವೀಸಾದ ಸರದಿ ವರ್ಷಗಟ್ಟಲೆ ಕಾಯಿಸುತ್ತದೆ. "ಪಾಸಾದ ಮರುತಿಂಗಳೇ ವಿಮಾನ" ಎನ್ನುವ ಏಜೆಂಟರ ಮಾತು ಕೇಳಿ ಮನೆಯ ಪತ್ರವನ್ನು ಅಡವಿಡಬಾರದು. ವಿದೇಶಿ ನೇಮಕಾತಿಗೆ ಪರವಾನಗಿ ಪಡೆದ ಏಜೆಂಟರು ಅಭ್ಯರ್ಥಿಯಿಂದ 30,000 ರೂಪಾಯಿ ಹಾಗೂ ತೆರಿಗೆಗಿಂತ ಹೆಚ್ಚಿನ ಸೇವಾಶುಲ್ಕ ಪಡೆಯುವಂತಿಲ್ಲ. 19,500 ರೂಪಾಯಿಯ ಜಾಗದಲ್ಲಿ 19 ಲಕ್ಷಕ್ಕೂ ಮಿಗಿಲಾಗಿ ವಸೂಲು ಮಾಡಿದ ಆರೋಪದ ಪ್ರಕರಣ 2015ರಲ್ಲಿ ಕೊಚ್ಚಿಯಲ್ಲಿ ಬೆಳಕಿಗೆ ಬಂದುದನ್ನು ವಾಚಕರು ಮರೆತಿರಲಾರರು. ಕುವೈತ್, ಸೌದಿ ಮುಂತಾದ ದೇಶಗಳಿಗೆ ದಾದಿಯರ ನೇಮಕಾತಿಯನ್ನು ಕೇಂದ್ರ ಸರ್ಕಾರವು ಬಿಗಿಗೊಳಿಸಿದ್ದು ಅದೇ ವರ್ಷ.

ಊರು ಬಿಡಲು ಮನಸ್ಸಿಲ್ಲದವರಿಗೂ ದಾರಿಗಳಿವೆ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗಳಿಗೆ 2020ರಿಂದ ನಾರ್ಸೆಟ್ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಇದಕ್ಕಾಗಿ ಓದಿದ್ದು ಅದಕ್ಕೂ ಬಹುಪಾಲು ಒದಗುತ್ತದೆ.

ಎನ್‌ಕ್ಲೆಕ್ಸ್ ಬರೆಯುವವರಿಗೆ ಹತ್ತಿರದ ಕೇಂದ್ರ ಬೆಂಗಳೂರು. ಭದ್ರಾವತಿ, ಬೀರೂರು ಮಾರ್ಗದ ರೈಲಿನಲ್ಲಿ ಪರೀಕ್ಷೆಯ ಹಿಂದಿನ ದಿನವೇ ಹೋಗಿ ಯಾರಾದರೂ ಬಂಧುಗಳ ಮನೆಯಲ್ಲಿ ಉಳಿದು ನಿದ್ರೆ ಮಾಡುವುದು ಮೇಲು. ಗುರುತಿಗಾಗಿ ಮೂಲ ಪಾಸ್‌ಪೋರ್ಟನ್ನು ಮರೆಯದೆ ಒಯ್ಯಬೇಕು. ಆಧಾರ್ ಚೀಟಿ ಅಲ್ಲಿ ನಡೆಯದು. ತೇರ್ಗಡೆಯಾಗದವರಿಗೆ ಯಾವ ಯಾವ ವಿಭಾಗದಲ್ಲಿ ಹಿಂದೆ ಬಿದ್ದರೆಂಬ ವಿವರಪಟ್ಟಿ ಬರುತ್ತದೆ. 45 ದಿನಗಳು ಕಳೆದ ನಂತರ ಅವರು ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬಹುದು.